'ಕೆಲಸ'ಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಬರೆಯಬೇಕು?

ಕಳೆದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ಮೊದಲ ಅರ್ಜಿಯನ್ನು ತಿದ್ದಿಸಿಕೊಳ್ಳಲು ತಂದಿದ್ದಳು. ಬಿ.ಕಾಂ. ಮುಗಿಸಿದ್ದಾಳೆ, ಲೆಕ್ಕದಲ್ಲಿ ಚುರುಕು. ಅರ್ಜಿಯ ಮೊದಲ ಸಾಲು ಹೀಗಿತ್ತು: 'ಐ ಆಮ್ ಸರ್ಚಿಂಗ್ ಎ ವರ್ಕ್'. ಮನಸ್ಸಿನಲ್ಲಿದ್ದ 'ನಾನೊಂದು ಕೆಲಸ ಹುಡುಕುತ್ತಿದ್ದೇನೆ' ಎಂಬ ವಾಕ್ಯವನ್ನು ಅವಳು ಪದಕ್ಕೆ ಪದ ಇಟ್ಟು ಬರೆದಿದ್ದಳು. ನಮ್ಮ 'ಕೆಲಸ' ದೊಡ್ಡ ಚೀಲ. ಸರ್ಕಾರಿ ನೌಕರಿ, ಗದ್ದೆಯ ನಾಟಿ, ಮುಸುರೆ ತಿಕ್ಕುವುದು, ಬ್ಯಾಂಕಿಗೆ ಹೋಗಿ ಬರುವುದು ಎಲ್ಲವೂ ಅದರಲ್ಲಿ ಹಿಡಿಸುತ್ತವೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಂದೊಂದು ಡಬ್ಬಿ. ಸರಿಯಾದ ಡಬ್ಬಿಯನ್ನು ಹುಡುಕಲು ನಾನು ಅವಳಿಗೆ ಹೇಳಿಕೊಟ್ಟ ಕ್ರಮ ಇದು.

ಮೊದಲ ಹೆಜ್ಜೆ: ಕನ್ನಡದಲ್ಲೇ ಪದ ಬದಲಿಸಿ

ಇಂಗ್ಲಿಷಿಗೆ ಹೋಗುವ ಮುನ್ನ ನಿಮ್ಮ ವಾಕ್ಯದ 'ಕೆಲಸ'ವನ್ನು ತೆಗೆದು, ಅದೇ ಜಾಗದಲ್ಲಿ ಇನ್ನೊಂದು ಕನ್ನಡ ಪದವನ್ನು ಕೂರಿಸಿ ನೋಡಿ. 'ನೌಕರಿ' ಸರಿಯಾಗಿ ಕೂತರೆ ಬೇಕಾದದ್ದು 'ಜಾಬ್'. 'ದುಡಿಮೆ' ಕೂತರೆ 'ವರ್ಕ್'. 'ಹುದ್ದೆ' ಕೂತರೆ 'ಪೋಸ್ಟ್' ಅಥವಾ 'ಪೊಸಿಷನ್'. ವೈದ್ಯರು, ವಕೀಲರಂತೆ ಓದಿ ಅರ್ಹತೆ ಪಡೆದು ಮಾಡುವ 'ವೃತ್ತಿ'ಯಾದರೆ 'ಪ್ರೊಫೆಷನ್'. ಕೈಯ ಪಳಗಿಕೆಯ 'ಕಸುಬು' ಆದರೆ 'ಟ್ರೇಡ್'. ಐಟಿಐ ಹುಡುಗರು ಫಿಟ್ಟರ್ ಟ್ರೇಡ್, ಎಲೆಕ್ಟ್ರಿಷಿಯನ್ ಟ್ರೇಡ್ ಎನ್ನುವುದು ಈ ಅರ್ಥದಲ್ಲಿಯೇ, ಅಲ್ಲಿ ವ್ಯಾಪಾರದ ಮಾತೇ ಇಲ್ಲ.

ಈ ಪರೀಕ್ಷೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ ನೋಡಬಹುದು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸದ ಭರವಸೆ ಕೊಟ್ಟ ಕಾಯ್ದೆ ಅದು. ಸಂಬಳವೋ ಕೂಲಿಯೋ ಸಿಗುವಂತೆ ಒಬ್ಬರನ್ನು ದುಡಿಮೆಗೆ ಹಚ್ಚುವುದು 'ಎಂಪ್ಲಾಯ್‌ಮೆಂಟ್', ಕಾಯ್ದೆಯ ಹೆಸರಿನಲ್ಲಿರುವುದು ಅದೇ ಪದ. ಕುಟುಂಬಕ್ಕೆ ಕೊಟ್ಟದ್ದು 'ಜಾಬ್ ಕಾರ್ಡ್'. ಕೆರೆಯ ಹೂಳೆತ್ತುವ ಕಾಮಗಾರಿ ಕಡತದಲ್ಲಿ 'ವರ್ಕ್' ಎಂದು ದಾಖಲಾಗುತ್ತದೆ. ಗುದ್ದಲಿ ಹಿಡಿದವರು ಸುರಿಸಿದ ಬೆವರು 'ಲೇಬರ್'. ಕೆರೆಯ ದಂಡೆಯಲ್ಲಿ ನಿಂತವರನ್ನು ಕೇಳಿದರೆ ನಾಲ್ಕಕ್ಕೂ ಒಂದೇ ಮಾತು: ಕೆಲಸಕ್ಕೆ ಬಂದಿದ್ದೇವೆ.

ಎರಡನೆಯ ಹೆಜ್ಜೆ: ಎಣಿಸಬಹುದೇ ಎಂದು ಕೇಳಿಕೊಳ್ಳಿ

ನಮ್ಮವರು ಹೆಚ್ಚು ಎಡವುವುದು ಇಲ್ಲಿ. 'ಜಾಬ್' ಎಣಿಕೆಗೆ ಸಿಗುತ್ತದೆ: ಎ ಜಾಬ್, ಟೂ ಜಾಬ್ಸ್. ದುಡಿಮೆಯ ಅರ್ಥದ 'ವರ್ಕ್' ನೀರಿನ ಹಾಗೆ, ಎಣಿಕೆಗೆ ಸಿಗದು. ಆದ್ದರಿಂದ 'ನನಗೊಂದು ಕೆಲಸವಿದೆ' ಎನ್ನಲು 'ಐ ಹ್ಯಾವ್ ಎ ವರ್ಕ್' ಎನ್ನಬಾರದು, 'ಐ ಹ್ಯಾವ್ ಸಮ್ ವರ್ಕ್' ಎನ್ನಬೇಕು. 'ಎ ವರ್ಕ್' ಎಂದೊಡನೆ ಅರ್ಥವೇ ಬದಲಾಗುತ್ತದೆ, ಅದು ಕಾದಂಬರಿಯೋ ಚಿತ್ರವೋ ಆಗಿಬಿಡುತ್ತದೆ. ಕುವೆಂಪು ಅವರ ಕೃತಿಗಳು 'ವರ್ಕ್ಸ್ ಆಫ್ ಕುವೆಂಪು'. ನನಗೆ ಇದು ಬಹಳ ಇಷ್ಟವಾದ ಹೊಂದಿಕೆ: ನಮ್ಮ 'ಕೃತಿ' ಎಂಬ ಪದಕ್ಕೂ ಮೂಲದಲ್ಲಿ 'ಮಾಡಿದ್ದು' ಎಂದೇ ಅರ್ಥ. ಎರಡು ಭಾಷೆಗಳೂ ಪುಸ್ತಕವನ್ನು ಕೈಯಿಂದ ಮಾಡಿದ ವಸ್ತುವಿನಂತೆ ಕಂಡಿವೆ.

ಕಾರ್ಖಾನೆ, ಕಾಮಗಾರಿಗಳ ಹೆಸರಿನಲ್ಲಿಯೂ 'ವರ್ಕ್ಸ್' ಬರುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹಿಂದೆ 'ಮೈಸೂರು ಐರನ್ ವರ್ಕ್ಸ್' ಆಗಿತ್ತು. ಲೋಕೋಪಯೋಗಿ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ಅದು ಇಂದಿಗೂ ಇದೆ.

ಮೂರನೆಯ ಹೆಜ್ಜೆ: ಸಣ್ಣ ಕೆಲಸಗಳನ್ನು ಬೇರ್ಪಡಿಸಿ

ಒಬ್ಬರು ವಹಿಸಿಕೊಟ್ಟು ಮುಗಿಸಬೇಕಾದದ್ದು 'ಟಾಸ್ಕ್'. ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಹೀಗೆ ಮುಗಿದರೂ ನಾಳೆ ಮತ್ತೆ ಕಾಯುವಂಥದ್ದು 'ಚೋರ್'. ಅಂಗಡಿಗೆ ಹೋಗಿ ಹಾಲು ತರುವುದು, ಬ್ಯಾಂಕಿಗೆ ಚೆಕ್ ಹಾಕಿ ಬರುವುದು 'ಎರಂಡ್'. ಹೋಗಿಬರುವ ದಾರಿಯಿಲ್ಲದಿದ್ದರೆ ಅದು ಎರಂಡ್ ಅಲ್ಲ.

ನಾಲ್ಕನೆಯ ಹೆಜ್ಜೆ: ಜೊತೆಯ ಕ್ರಿಯಾಪದವನ್ನು ನೋಡಿ

'ಸರ್ಚ್' ಒಂದನ್ನೇ ಬಳಸಿದರೆ ಜೇಬನ್ನೋ ಮನೆಯನ್ನೋ ತಡಕಾಡಿದಂತೆ. ಬೇಕಾದದ್ದನ್ನು ಅರಸುವುದಾದರೆ 'ಫಾರ್' ಸೇರಲೇಬೇಕು: 'ಐ ಆಮ್ ಲುಕಿಂಗ್ ಫಾರ್ ಎ ಜಾಬ್'. ಇದು ಮಾತಿಗೆ ಚೆನ್ನ. ಅರ್ಜಿಯಲ್ಲಿ ಹುದ್ದೆಯನ್ನೇ ಹೆಸರಿಸಿ: 'ಐ ಆಮ್ ಅಪ್ಲೈಯಿಂಗ್ ಫಾರ್ ದ ಪೋಸ್ಟ್ ಆಫ್ ಅಕೌಂಟ್ಸ್ ಅಸಿಸ್ಟೆಂಟ್'. ಹುಡುಗಿಯ ಹೊಸ ಮೊದಲ ಸಾಲು ಇದೇ ಆಯಿತು.

'ಕಾಯಕ'ಕ್ಕೆ ಮಾತ್ರ ಒಂಟಿ ಇಂಗ್ಲಿಷ್ ಪದವನ್ನು ಹುಡುಕುತ್ತ ಕೂರಬೇಡಿ. 'ವೊಕೇಷನ್' ಸ್ವಲ್ಪ ಹತ್ತಿರ ಬರುತ್ತದೆ. ಅದರ ಲ್ಯಾಟಿನ್ ಬೇರಿನ ಅರ್ಥ ಕರೆಯುವುದು, ಒಳಗಿನ ಕರೆ ಎನ್ನಿ. ಆದರೆ ಶರಣರ ಕಾಯಕದಲ್ಲಿ ದುಡಿದದ್ದನ್ನು ದಾಸೋಹಕ್ಕೆ ಒಪ್ಪಿಸುವುದೂ ಸೇರಿದೆ. 'ಕಾಯಕ' ಎಂದೇ ಬರೆದು ಒಂದು ಸಾಲಿನಲ್ಲಿ ವಿವರಿಸುವುದು ಒಳ್ಳೆಯದು.

ಕೊನೆಯ ಹೆಜ್ಜೆ: 'ಆಕ್ಯುಪೇಷನ್' ಕಾಲಮ್ಮನ್ನು ಖಾಲಿ ಬಿಡಬೇಡಿ

ಆ ದಿನ ಹುಡುಗಿ ತಮ್ಮನ ವಿದ್ಯಾರ್ಥಿವೇತನದ ಅರ್ಜಿಯನ್ನೂ ತಂದಿದ್ದಳು. ತಾಯಿಯ 'ಆಕ್ಯುಪೇಷನ್' ಎಂಬಲ್ಲಿ 'ನಿಲ್' ಎಂದು ಬರೆದಿದ್ದಳು. ಯಾಕೆ ಎಂದು ಕೇಳಿದೆ. 'ಅಮ್ಮನಿಗೆ ಕೆಲಸ ಇಲ್ಲವಲ್ಲ, ಮೇಡಂ' ಎಂದಳು. ಆಕೆಯ ತಾಯಿ ನಸುಕಿನಲ್ಲಿ ಎದ್ದು, ಎರಡು ಹಸುಗಳ ಕೊಟ್ಟಿಗೆ ಬಳಿದು, ಹಾಲು ಕರೆದು, ಕ್ಯಾನ್ ಹೊತ್ತು ಡೇರಿಯ ಸಾಲಿನಲ್ಲಿ ನಿಲ್ಲುವುದನ್ನು ನಾನು ದಿನವೂ ಕಾಣುತ್ತೇನೆ. ಜಾಬ್ ಇಲ್ಲ, ನಿಜ. ವರ್ಕ್ ಬೆಟ್ಟದಷ್ಟಿದೆ. ಆಕ್ಯುಪೇಷನ್ ಎಂದರೆ ಜೀವನೋಪಾಯ, ಅದಕ್ಕೆ ನೇಮಕಾತಿ ಪತ್ರ ಬೇಕಿಲ್ಲ. ಹಸು ಕಟ್ಟದೆ ಮನೆಯನ್ನಷ್ಟೇ ನಡೆಸುತ್ತಿದ್ದರೂ 'ಹೋಮ್‌ಮೇಕರ್' ಎಂದು ಬರೆಯಬಹುದಿತ್ತು, 'ನಿಲ್' ಎಂದಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ 'ನಿಲ್' ಮೇಲೆ ಗೀಟು ಎಳೆದು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ 'ಡೇರಿ ಫಾರ್ಮರ್' ಎಂದು ಬರೆದಳು.