ಮೈಕ್ ಯಾವ ಗೋಡೆಯನ್ನು ನೋಡುತ್ತಿದೆ? ಮನೆಯಲ್ಲಿ ದನಿ ರೆಕಾರ್ಡಿಂಗ್: ನನ್ನ ಅನುಭವ

ಆಡಿಯೋ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಅದಕ್ಕೆ ಸ್ಟುಡಿಯೋ ಅಂತ ಬೇರೆ ಇಲ್ಲ. ಮಲಗುವ ಕೋಣೆಯ ಒಂದು ಭಾಗ, ಅಷ್ಟೇ. ಪರಿಚಯದವರು ಮೊದಲು ಕೇಳುವುದು "ಯಾವ ಮೈಕ್?" ಅಂತ. ಕೋಣೆ ಹೇಗಿದೆ ಎಂದು ಕೇಳುವವರು ಕಡಿಮೆ. ಆದರೆ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತಿದ್ದರೆ ತಪ್ಪು ಹೆಚ್ಚಿನ ಸಲ ಮೈಕಿನದಲ್ಲ, ಗೋಡೆಗಳದ್ದು. ಒಳ್ಳೆಯ ಮೈಕ್ ತಂದರೆ ಆ ಗೋಡೆಗಳು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತವೆ.

ಶುರುವಿನಲ್ಲೇ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಹೊರಗಿನ ಗದ್ದಲ ಒಳಗೆ ಬರುವುದು ಒಂದು, ನಮ್ಮ ದನಿಯೇ ಗೋಡೆಗೆ ಬಡಿದು ವಾಪಸ್ ಬರುವುದು ಇನ್ನೊಂದು. ಗದ್ದಲ ತಡೆಯಲು ಭಾರವಾದ ಗೋಡೆ, ಬಾಗಿಲು ಬೇಕು, ಸಂದಿಗಳು ಮುಚ್ಚಿರಬೇಕು. ಮಾರ್ದನಿ ತಡೆಯಲು ದಪ್ಪನೆಯ, ಗಾಳಿಯಾಡುವ ಮೆತ್ತನೆ ವಸ್ತು ಬೇಕು. ಗೋಡೆಗೆ ಫೋಮ್ ಅಂಟಿಸಿದರೆ ಬೀದಿಯ ಹಾರ್ನ್ ನಿಲ್ಲುವುದಿಲ್ಲ. ಗದ್ದಲದ ವಿಷಯದಲ್ಲಿ ನಾನು ಮಾಡಿದ್ದು ಇಷ್ಟೇ: ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಹಚ್ಚಿದೆ, ಫ್ಯಾನ್ ನಿಲ್ಲಿಸಿದೆ, ಓದಲು ಸದ್ದು ಕಡಿಮೆ ಇರುವ ಹೊತ್ತು ಹುಡುಕಿಕೊಂಡೆ.

ಮಾರ್ದನಿಯ ಕಡೆ ಬಂದಾಗ, ಏನನ್ನೂ ಕೊಳ್ಳುವ ಮೊದಲು ಜಾಗ ಬದಲಿಸಿ ನೋಡಿದೆ. ಒಂದೇ ಪ್ಯಾರಾವನ್ನು ಕೋಣೆಯ ಬೇರೆ ಬೇರೆ ಕಡೆ ನಿಂತು ಓದಿ, ಹೆಡ್‌ಫೋನ್ ಹಾಕಿ ಹೋಲಿಸಿದೆ. ಚಪ್ಪಾಳೆ ತಟ್ಟಿಯೂ ನೋಡಬಹುದು. ಎದುರುಬದುರು ಬರಿಗೋಡೆಗಳಿದ್ದರೆ "ಟರ್ರ್" ಅಂತ ನಡುಗುವ ಸದ್ದು ಕೇಳುತ್ತದೆ. ಆದರೆ ಚಪ್ಪಾಳೆ ಮೇಲಿನ ಸ್ವರಗಳ ಕಥೆ ಮಾತ್ರ ಹೇಳುತ್ತದೆ. ದನಿಯ ಗುಂಯ್‌ಗುಡುವಿಕೆ ಗೊತ್ತಾಗಬೇಕಾದರೆ ಓದಿಯೇ ನೋಡಬೇಕು.

ನನ್ನ ಕೋಣೆ ಸುಮಾರು 3 ಮೀಟರ್ ಅಗಲ, 4 ಮೀಟರ್ ಉದ್ದ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 3 ಮೀಟರ್ ದೂರದ ಎರಡು ಗೋಡೆಗಳ ನಡುವೆ 57, 114, 171 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಸ್ವರಗಳು ನಿಂತು ಮೊಳಗುತ್ತವೆ. 114 ಅಂದರೆ ಗಂಡಸಿನ ಮಾತಿನ ದನಿ ಇರುವ ಜಾಗವೇ ಅಲ್ವಾ? ಎರಡು ಗೋಡೆಗಳ ನಟ್ಟನಡುವೆ ಅದು ಅತಿ ಜೋರು. ಮೂಲೆಯಲ್ಲಂತೂ ಎಲ್ಲವೂ ಜೋರು. ಹಾಗಾಗಿ ಗೋಡೆಯಿಂದ ಕೋಣೆಯ ಅಳತೆಯ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಕೂತೆ. ದನಿಯ ಭಾರ ಅಲ್ಲೇ ಅರ್ಧ ಇಳಿಯಿತು.

ಆಮೇಲೆ ಮೈಕನ್ನು ಹತ್ತಿರಕ್ಕೆ ತಂದೆ. ಬಾಯಿಗೂ ಮೈಕಿಗೂ ನಡುವಿನ ದೂರ 40 ಸೆಂಟಿಮೀಟರ್‌ನಿಂದ 20ಕ್ಕೆ ಇಳಿದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ. ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಅಷ್ಟೇ ತಗ್ಗಿಸಿದರೆ ಕೋಣೆ ಪುಕ್ಕಟೆಯಾಗಿ 6 ಡೆಸಿಬೆಲ್ ಹಿಂದೆ ಸರಿಯುತ್ತದೆ. ಒಂದು ಗೇಣು ದೂರ ನನಗೆ ಸರಿ. ಇನ್ನೂ ಹತ್ತಿರ ಹೋದರೆ ದಪ್ಪ ಸ್ವರ ಉಬ್ಬುತ್ತದೆ, ಪ, ಬ ಬಂದಾಗ ಗಾಳಿ ಹೊಡೆಯುತ್ತದೆ.

ಈಗ ಜಾಸ್ತಿ ಜನ ತಿರುವುಮುರುವಾಗಿ ಮಾಡುವ ಕೆಲಸ. ಮೈಕಿನ ಹಿಂದಿನ ಗೋಡೆಗೆ, ಅಂದರೆ ಓದುವಾಗ ಕಣ್ಣೆದುರು ಕಾಣುವ ಗೋಡೆಗೆ, ಫೋಮ್ ಹಚ್ಚುತ್ತಾರೆ. ಮನೆಯಲ್ಲಿ ಬಳಸುವ ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್. ಅವಕ್ಕೆ ಮುಂದಿನದು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದು ತೀರಾ ಕಡಿಮೆ. ಮೈಕಿನ ಮುಂದೆ ಇರುವುದು ನಾವು, ನಮ್ಮ ಹಿಂದೆ ಇರುವುದು ನಮ್ಮ ಬೆನ್ನ ಹಿಂದಿನ ಗೋಡೆ. ಮೈಕ್ ನೋಡುತ್ತಿರುವುದು ಅದನ್ನೇ. ಹಾಗಾಗಿ ನನ್ನ ಹತ್ತಿರ ಇದ್ದ ಅತಿ ದಪ್ಪ ಹೊದಿಕೆ ಮೊದಲು ಹೋಗಿದ್ದು ನನ್ನ ಬೆನ್ನ ಹಿಂದಕ್ಕೆ. ಎದುರು ಗೋಡೆಯ ಸರದಿ ಆಮೇಲೆ. ಬಟ್ಟೆ ತುಂಬಿದ ಕಪಾಟು ಇದ್ದವರು ಅದರ ಬಾಗಿಲು ತೆರೆದು, ಅದಕ್ಕೆ ಬೆನ್ನು ಹಾಕಿ ಕೂರಬಹುದು. ಒಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುವುದು ಮಾತ್ರ ನನಗೆ ಒಗ್ಗಲಿಲ್ಲ. 1 ಮೀಟರ್ ಅಗಲದ ಗೂಡಿನಲ್ಲಿ 171 ಹರ್ಟ್ಜ್ ಮೊಳಗುತ್ತದೆ, ಅದನ್ನು ನುಂಗುವಷ್ಟು ದಪ್ಪ ಬಟ್ಟೆಗೆ ಇರುವುದಿಲ್ಲ.

ದಪ್ಪದ ಲೆಕ್ಕ ಹೀಗೆ. ಇಂಥ ವಸ್ತು ಸದ್ದನ್ನು ನುಂಗುವುದು ಗಾಳಿ ಜೋರಾಗಿ ಓಲಾಡುವ ಜಾಗದಲ್ಲಿ. ಗೋಡೆಗೆ ಅಂಟಿದ ಗಾಳಿ ಓಲಾಡುವುದಿಲ್ಲ. ಅಲೆಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ ಓಲಾಟ ಅತಿ ಹೆಚ್ಚು. 1000 ಹರ್ಟ್ಜ್‌ಗೆ ಆ ದೂರ ಸುಮಾರು 8.5 ಸೆಂಟಿಮೀಟರ್, 100 ಹರ್ಟ್ಜ್‌ಗೆ 85. ಒಂದು ಇಂಚಿನ ಫೋಮ್ ಮೇಲಿನ ಸ್ವರಗಳನ್ನಷ್ಟೇ ತಿನ್ನುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಇಡೀ ಕೋಣೆಗೆ ತೆಳು ಫೋಮ್ ಹಚ್ಚಿದವರ ರೆಕಾರ್ಡಿಂಗ್ ಮಂಕಾಗಿ, ಆದರೂ ಡಬ್ಬಾಡಬ್ಬಾ ಕೇಳಿಸುವುದು ಇದಕ್ಕೇ. ಕೆಲವರು ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇಗಳ ಬಗ್ಗೆ ಹೇಳುವುದೇ ಬೇಡ.

ನಾನು ಮೊದಲು ರಜಾಯಿಗಳನ್ನು ಮಡಿಕೆ ಬರುವ ಹಾಗೆ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದೆ. ಕೆಲಸ ಹೆಚ್ಚಾದ ಮೇಲೆ ಮರದ ಚೌಕಟ್ಟಿಗೆ 10 ಸೆಂಟಿಮೀಟರ್ ದಪ್ಪದ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ತುಂಬಿ ಬಟ್ಟೆ ಹೊದಿಸಿದೆ. ಅವನ್ನೂ ಗೋಡೆಗೆ ಅಂಟಿಸಲಿಲ್ಲ, ಹಿಂದೆ ಅಷ್ಟೇ ಖಾಲಿ ಜಾಗ ಬಿಟ್ಟೆ. ಆ ಖಾಲಿ ಜಾಗ ದುಡ್ಡಿಲ್ಲದೆ ಸಿಗುವ ದಪ್ಪ. ಬಾಯಿಟ್ಟು ಊದಿದರೆ ಗಾಳಿ ಸಲೀಸಾಗಿ ಆಚೆ ಹೋಗುವ ಬಟ್ಟೆಯೇ ಬೇಕು. ರಾಕ್‌ವುಲ್ ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ ಮರೆಯಬೇಡಿ. ವಿಪರೀತ ತುರಿಕೆ.

ಎಷ್ಟು ಬೇಕು? ಇದಕ್ಕೆ ಸೂತ್ರ ಕೊಟ್ಟವರು ಅಮೆರಿಕದ ಭೌತವಿಜ್ಞಾನಿ ವ್ಯಾಲೆಸ್ ಸಾಬೈನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸದ ಹಾಲ್‌ನಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಸದ್ದು ಐದು ಸೆಕೆಂಡಿಗೂ ಹೆಚ್ಚು ಉಳಿಯುತ್ತಿತ್ತು. ಅದನ್ನು ಸರಿಮಾಡುವ ಕೆಲಸ ಇವರ ಪಾಲಿಗೆ ಬಂತು. ಬೇರೆ ಥಿಯೇಟರಿನ ಸೀಟು ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ದಿಂಬು ಹೊರುವ ಪಾಡು ಆಗಿನಿಂದಲೂ ಇದೆ ಅನ್ನಿ! ಅವರ ಸೂತ್ರದ ಪ್ರಕಾರ, 2.7 ಮೀಟರ್ ಎತ್ತರದ ನನ್ನ ಕೋಣೆಯಲ್ಲಿ ಮಾರ್ದನಿ 0.3 ಸೆಕೆಂಡಿಗೆ ಇಳಿಯಬೇಕಾದರೆ ಪೂರ್ತಿ ಸದ್ದು ನುಂಗುವ ಸುಮಾರು 17 ಚದರ ಮೀಟರ್ ಮೇಲ್ಮೈ ಬೇಕು. ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ಹಾಸಿಗೆ, ದಪ್ಪ ಪರದೆ, ಬಟ್ಟೆಯ ಕಪಾಟು ಆಗಲೇ ಆ ಲೆಕ್ಕಕ್ಕೆ ಸೇರಿವೆ. ಜೊತೆಗೆ ನಮಗೆ ಬೇಕಿರುವುದು ಮೈಕ್ ಇರುವ ಜಾಗ ಮಾತ್ರ, ಇಡೀ ಕೋಣೆ ಅಲ್ಲ.

ಗೋಡೆ ಮುಗಿದ ಮೇಲೆ ಮೇಜು ಸಿಕ್ಕಿಬಿತ್ತು. ಮೇಜಿಗೆ ಬಡಿದ ದನಿ ನೇರ ದನಿಗಿಂತ 34 ಸೆಂಟಿಮೀಟರ್ ಹೆಚ್ಚು ದೂರ ಸುತ್ತಿ ಬಂದರೆ 1 ಮಿಲಿಸೆಕೆಂಡ್ ತಡವಾಗುತ್ತದೆ. ಆಗ 500, 1500, 2500 ಹರ್ಟ್ಜ್‌ನಲ್ಲಿ ದನಿ ತಗ್ಗುತ್ತದೆ. ಮಾತು ಸ್ವಲ್ಪ ಟೊಳ್ಳಾಗಿ ಕೇಳಿಸುತ್ತದೆ. ಮೇಜು ತೆಗೆದು, ಓದುವ ಸ್ಟ್ಯಾಂಡಿಗೆ ಟವೆಲ್ ಹೊದಿಸಿ, ಟ್ಯಾಬ್ಲೆಟ್ಟನ್ನು ಓರೆ ಮಾಡಿ ಇಟ್ಟೆ. ಕಾಲ ಕೆಳಗೆ ದಪ್ಪ ಕಾರ್ಪೆಟ್, ತಲೆ ಮೇಲೆ ಒಂದು ಪ್ಯಾನೆಲ್ ಬಂತು.

ಸಾಫ್ಟ್‌ವೇರಿನಿಂದ ಮಾರ್ದನಿ ತೆಗೆಯಬಹುದಲ್ಲ ಎನ್ನುವವರಿದ್ದಾರೆ. ಫ್ಯಾನಿನ ಒಂದೇ ಸಮನೆಯ ಸದ್ದನ್ನು ತೆಗೆಯುವುದು ಸುಲಭ. ಮಾರ್ದನಿ ನಮ್ಮದೇ ದನಿ, ಅದನ್ನು ಕೆರೆಯಲು ಹೋದರೆ ಜೊತೆಗೆ ಅಸಲಿ ದನಿಯೂ ಕಿತ್ತು ಬರುತ್ತದೆ.

ಒಂದು ತೊಂದರೆ ಮಾತ್ರ ಉಳಿದಿದೆ: ಸೆಖೆ. ಎಲ್ಲ ಮುಚ್ಚಿ, ಫ್ಯಾನ್ ನಿಲ್ಲಿಸಿ, ಸುತ್ತ ರಜಾಯಿ ತೂಗುಹಾಕಿ ಕೂತರೆ ಬೆವರು ಇಳಿಯುತ್ತದೆ. ಒಂದು ಅಧ್ಯಾಯ ಮುಗಿದ ಕೂಡಲೇ ಬಾಗಿಲು ತೆರೆದು ಹೊರಗೆ ಬರುತ್ತೇನೆ. ಮತ್ತೆ ಕೂತಾಗ, ಓದುವ ಮೊದಲು ಅರ್ಧ ನಿಮಿಷ ಸುಮ್ನೆ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಎಡಿಟ್ ಮಾಡುವಾಗ ವಾಕ್ಯಗಳ ನಡುವೆ ತುಂಬಲು ಅದು ಬೇಕಾಗುತ್ತದೆ.