ರಕ್ತ ಜಾಸ್ತಿಯಾಯ್ತಾ? ‘ವಿನ್‌ಲ್ಯಾಂಡ್ ಸಾಗಾ’ ಓದಿಸಿದ ನನ್ನ ಅನುಭವ

ಇಂಗ್ಲೆಂಡಿನ ಯಾರ್ಕ್‌ನಲ್ಲಿ ನಾವು ಕೆಲವು ಕನ್ನಡದ ಮನೆಯವರು ಸೇರಿ ಪುಸ್ತಕ ಓದುತ್ತೇವೆ. ಮಕೊಟೊ ಯುಕಿಮುರಾ ಅವರ ‘ವಿನ್‌ಲ್ಯಾಂಡ್ ಸಾಗಾ’ ಓದೋಣ ಎಂದವಳು ನಾನು, ಚರ್ಚೆ ನಡೆಸಿದವಳೂ ನಾನೇ. ಇದು ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದು ಕೊಳ್ಳೆ ಹೊಡೆಯುತ್ತಿದ್ದ ಸ್ಕ್ಯಾಂಡಿನೇವಿಯಾದ ವೈಕಿಂಗರ ಕಾಲದ ಕಥೆಯನ್ನು ಚಿತ್ರಗಳಲ್ಲಿ ಹೇಳುವ ಜಪಾನಿನ ಮಾಂಗಾ. ಶುರುವಿನಿಂದಲೇ ಕೊಡಲಿ, ಕತ್ತಿ, ಕೊಳ್ಳೆ. ಇಂಥದ್ದನ್ನು ಬೇರೆ ಬೇರೆ ವಯಸ್ಸಿನವರ ಜೊತೆ ಕೂತು ಓದೋದು ಹೇಗೆ, ಅವರು ಏನಂದರು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಥೆಯ ದೊಡ್ಡ ತಿರುವುಗಳೂ ಇಲ್ಲಿ ಬರುತ್ತವೆ, ಓದದೇ ಇರುವವರು ಮೊದಲು ಪುಸ್ತಕ ಓದಿ ಬನ್ನಿ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. 2005ರಲ್ಲಿ ಇದು ಒಂದು ವಾರಪತ್ರಿಕೆಯಲ್ಲಿ ಶುರುವಾಯಿತು. ಇಷ್ಟು ಸೂಕ್ಷ್ಮವಾದ ಚಿತ್ರಗಳನ್ನು ವಾರವಾರ ಬರೆದು ಕೊಡೋದು ಆಗದ ಮಾತು, ಅದೇ ವರ್ಷ ಮಾಸಪತ್ರಿಕೆಗೆ ಹೋಯಿತು. ಮುಗಿದದ್ದು 2025ರಲ್ಲಿ, ಒಟ್ಟು 29 ಸಂಪುಟ. ಐಸ್‌ಲ್ಯಾಂಡಿನ ಥಾರ್ಫಿನ್ ಎಂಬ ಚಿಕ್ಕ ಹುಡುಗನ ಕಣ್ಣೆದುರೇ ಅವನ ಅಪ್ಪ ಥಾರ್ಸ್ ಸಾಯುತ್ತಾನೆ. ಕೊಂದವನು ಆಸ್ಕೆಲಾಡ್. ಸೇಡು ತೀರಿಸಿಕೊಳ್ಳಲು ಹುಡುಗ ಆಸ್ಕೆಲಾಡನ ಗುಂಪಿನಲ್ಲೇ ಬೆಳೆಯುತ್ತಾನೆ. ಅವನ ಜೊತೆ ದ್ವಂದ್ವಯುದ್ಧಕ್ಕೆ ಅವಕಾಶ ಸಿಗಬೇಕೆಂದು ಅವನಿಗಾಗಿಯೇ ಕೊಲ್ಲುತ್ತಾನೆ. ಮೊದಲ ಎಂಟು ಸಂಪುಟ ಇದೇ.

ಮೊದಲ ತೀರ್ಮಾನ: ಮಕ್ಕಳನ್ನು ಸೇರಿಸಲಿಲ್ಲ. ಚಿತ್ರದ ಪುಸ್ತಕ ಅಂದ ತಕ್ಷಣ ಮಕ್ಕಳಿಗೆ ಅಂದುಕೊಳ್ಳುವ ಅಪ್ಪ ಅಮ್ಮಂದಿರು ನಮ್ಮಲ್ಲೂ ಇದ್ದಾರೆ. ಅವರಿಗೆ ಫೋನ್ ಮಾಡಿ, ಯಾವ ಥರದ ಪುಟಗಳಿವೆ ಅಂತ ಬಿಡಿಸಿ ಹೇಳಿದೆ. ದೊಡ್ಡವರಿಗೂ ಮುಂಚೆಯೇ ಹೇಳಿದ್ದೆ: ಹಳ್ಳಿಯ ಕೊಲೆ ಇದೆ, ಗುಲಾಮರ ಮಾರಾಟ ಇದೆ, ಬಸುರಿ ಹೆಂಗಸನ್ನು ಹೊಡೆಯುವ ದೃಶ್ಯ ಇದೆ, ಬೇಡ ಅನ್ನಿಸಿದರೆ ಆ ಪುಟ ದಾಟಿ ಹೋಗಿ, ಯಾರೂ ಕೇಳಲ್ಲ.

ಮಗಳ ಮನೆಗೆ ಬಂದಿದ್ದ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು ನಮ್ಮ ಜೊತೆ ಸೇರಿದರು. ಅವರಿಗೆ ಮಾಂಗಾ ಹೊಸದು. ಬಲದಿಂದ ಎಡಕ್ಕೆ ಓದಬೇಕು, ಪುಸ್ತಕವನ್ನು ನಾವು ಕೊನೆ ಅಂದುಕೊಳ್ಳುವ ಕಡೆಯಿಂದ ತೆರೆಯಬೇಕು. ಅವರ ಪಕ್ಕ ಕೂತು ಒಂದು ಅಧ್ಯಾಯದ ಚೌಕಗಳನ್ನು ಬೆರಳಲ್ಲಿ ತೋರಿಸುತ್ತಾ ಓದಿದೆ, ಆಮೇಲೆ ಅವರೇ ಸರಾಗವಾಗಿ ಓದಿದರು. ವಯಸ್ಸಾದವರನ್ನು ಸೇರಿಸಿಕೊಂಡರೆ ಇದೊಂದನ್ನು ಮಾಡಿ. ಇಲ್ಲದಿದ್ದರೆ ಯಾರು ಯಾರನ್ನು ಹೊಡೆದರು ಅಂತಲೇ ಗೊತ್ತಾಗದೆ, ಬರೀ ಗಲಾಟೆ ಅಂತ ಪುಸ್ತಕ ಮುಚ್ಚಿಬಿಡುತ್ತಾರೆ.

ಚರ್ಚೆ ಶುರು ಮಾಡುವಾಗ ನಾನು “ಪುಸ್ತಕ ಹೇಗಿತ್ತು?” ಅಂತ ಕೇಳಲಿಲ್ಲ. ಹಾಗೆ ಕೇಳಿದರೆ “ಚೆನ್ನಾಗಿದೆ, ಆದ್ರೆ ರಕ್ತ ಜಾಸ್ತಿ” ಅಂತ ಎಲ್ಲರೂ ಒಂದೇ ಮಾತು ಹೇಳಿ ಸುಮ್ಮನಾಗುತ್ತಾರೆ. ಅದರ ಬದಲು “ಯಾವ ಪುಟದಲ್ಲಿ ಓದೋದು ನಿಲ್ಲಿಸಿ ಪಕ್ಕಕ್ಕಿಟ್ರಿ? ಆ ಪುಟ ತೆಗೆದು ತೋರಿಸಿ” ಅಂದೆ. ಮಾತಿನ ದಾರಿಯೇ ಬೇರೆಯಾಯಿತು.

ನಾನು ಅಂದುಕೊಂಡಿದ್ದು, ಯುದ್ಧದ ಪುಟಗಳೇ ಬರುತ್ತವೆ ಅಂತ. ಲಂಡನ್ ಸೇತುವೆಯ ಕಾಳಗದಲ್ಲಿ ಥಾರ್ಕೆಲ್ ಎಂಬ ದೈತ್ಯ ಆಳುಗಳನ್ನೇ ಎತ್ತಿ ಎಸೆಯುತ್ತಾನೆ, ಅವನ ಬೆರಳುಗಳನ್ನು ಥಾರ್ಫಿನ್ ಕತ್ತರಿಸುತ್ತಾನೆ. ಅದನ್ನು ಯಾರೂ ತೋರಿಸಲಿಲ್ಲ. ಅವನ್ನೆಲ್ಲ ಬೇಗ ಬೇಗ ಮಗುಚಿದ್ದರು, ಕೆಲವರಿಗೆ ಖುಷಿಯೂ ಆಗಿತ್ತು. ಹೆಚ್ಚಿನವರು ತೆಗೆದು ತೋರಿಸಿದ್ದು ಆನ್ ಎಂಬ ಹುಡುಗಿಯ ಅಧ್ಯಾಯ.

ಆ ಅಧ್ಯಾಯ ಹೀಗಿದೆ. ಚಳಿಗಾಲ, ಹಿಮ. ಆಸ್ಕೆಲಾಡನ ಗುಂಪಿಗೆ ಊಟ ಬೇಕು, ತಾವು ಎಲ್ಲಿದ್ದೇವೆ ಅಂತ ಶತ್ರುವಿಗೆ ಗೊತ್ತಾಗಬಾರದು. ಹಾಗಾಗಿ ಒಂದು ಸಣ್ಣ ಹಳ್ಳಿಗೆ ನುಗ್ಗಿ ಎಲ್ಲರನ್ನೂ ಕೊಲ್ಲುತ್ತಾರೆ. ಆನ್ ಉಳಿಯುತ್ತಾಳೆ, ಯಾಕೆಂದರೆ ಅವಳು ಕದ್ದ ಒಂದು ಉಂಗುರವನ್ನು ಮನೆಯವರಿಗೆ ಗೊತ್ತಾಗದಂತೆ ನೋಡಲು ಹೊರಗೆ ಹೋಗಿರುತ್ತಾಳೆ. ಮನೆಯವರು ದೇವರಿಗೆ ಹೆದರುವ ಜನ, ಕದ್ದದ್ದಕ್ಕೆ ನರಕ ಅಂತ ಹುಡುಗಿಗೆ ಭಯ. ಆಮೇಲೆ ನೋಡಿದರೆ, ಇಡೀ ಊರನ್ನು ಕೊಲ್ಲುವ ಜನ ಯಾವ ದೇವರಿಗೂ ಹೆದರುತ್ತಿಲ್ಲ. ಯುಕಿಮುರಾ ನಮ್ಮನ್ನು ಆ ಹುಡುಗಿಯ ಜೊತೆಗೇ ನಿಲ್ಲಿಸುತ್ತಾರೆ. ನಮ್ಮಲ್ಲಿ ಒಬ್ಬರು, ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುವವರು, ಹೇಳಿದರು: “ಅಕ್ಕಾ, ಅಷ್ಟು ಹೊತ್ತು ಆಸ್ಕೆಲಾಡ್ ಅಂದ್ರೆ ನಂಗೆ ತುಂಬಾ ಇಷ್ಟ ಆಗಿದ್ದ. ಬುದ್ಧಿವಂತ, ಮಾತು ಚೆನ್ನಾಗಿ ಆಡ್ತಾನೆ. ಈ ಪುಟಕ್ಕೆ ಬಂದಾಗ ನಂಗೆ ನನ್ನ ಮೇಲೇ ಸಿಟ್ಟು ಬಂತು.”

ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲರ ಅಭಿಪ್ರಾಯವನ್ನೂ ತಾರೀಕು ಹಾಕಿ, ಅವರ ಮಾತಿನಲ್ಲೇ ಬರೆದಿಡುತ್ತಿದ್ದೆ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಎರಡನೇ ಕೆಲಸ, ಇತಿಹಾಸದ ಮಾತನ್ನು ಅಭಿಪ್ರಾಯದ ಆಮೇಲೆ ಇಟ್ಟದ್ದು. ಮೊದಲೇ “ಇದು ನಿಜ, ಇದು ಸುಳ್ಳು” ಅಂತ ಶುರು ಮಾಡಿದರೆ ಓದಿದ ಅನುಭವ ಅಲ್ಲೇ ಸತ್ತುಹೋಗುತ್ತದೆ. ಆದರೆ ಮೇಷ್ಟ್ರನ್ನು ತಡೆಯೋದು ಕಷ್ಟವಾಗಿತ್ತು, ಅವರು ಪಟ್ಟಿ ಹಿಡಿದೇ ಬಂದಿದ್ದರು. ಪುಸ್ತಕದಲ್ಲಿ ಡೆನ್ಮಾರ್ಕಿನ ರಾಜ ಸ್ವೇನ್ ಸಾಯೋದು ನಮ್ಮ ಯಾರ್ಕ್‌ನಲ್ಲಿ, ಆಸ್ಕೆಲಾಡನ ಕತ್ತಿಗೆ ಸಿಕ್ಕಿ. ನಿಜದಲ್ಲಿ ಸ್ವೇನ್ ಸತ್ತದ್ದು 1014ರ ಫೆಬ್ರವರಿ 3ರಂದು ಗೇನ್ಸ್‌ಬರೋದಲ್ಲಿ. ಅವನ ಮಗ ಕನ್ಯೂಟ್ ಪುಸ್ತಕದ ಶುರುವಿನಲ್ಲಿ ಹೆದರಿ ಮುದುಡುವ ಸುಂದರ ಹುಡುಗ. “ಇದೆಲ್ಲಾ ಎಲ್ಲಿಂದ ತಂದ್ರು?” ಅಂತ ಮೇಷ್ಟ್ರ ಪ್ರಶ್ನೆ.

ಅದಕ್ಕೆ ಉತ್ತರವಾಗಿ ನಾನು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಿಂದ, ಅಂದರೆ ಆ ಕಾಲದ ಇಂಗ್ಲೆಂಡಿನವರು ವರ್ಷವರ್ಷದ ಘಟನೆ ಬರೆದಿಟ್ಟ ದಾಖಲೆಯಿಂದ, ಒಂದು ಸಂಗತಿ ಹೇಳಿದೆ. 1014ರಲ್ಲಿ ಇಂಗ್ಲೆಂಡ್ ಬಿಟ್ಟು ಹೊರಟಾಗ ಇದೇ ಕನ್ಯೂಟ್, ತನ್ನ ಅಪ್ಪನ ಹತ್ತಿರ ಒತ್ತೆಯಾಗಿದ್ದ ಜನರನ್ನು ಸ್ಯಾಂಡ್‌ವಿಚ್ ಬಂದರಿನಲ್ಲಿ ಇಳಿಸಿ, ಅವರ ಕೈ, ಕಿವಿ, ಮೂಗು ಕತ್ತರಿಸಿದ. ಬರೀ ವೈಕಿಂಗರೇ ಕ್ರೂರಿಗಳು ಅಂತಲೂ ಅಲ್ಲ. 1002ರ ನವೆಂಬರ್ 13ರಂದು ಇಂಗ್ಲೆಂಡಿನಲ್ಲಿರುವ ಡೇನರನ್ನು (ಡೆನ್ಮಾರ್ಕಿನ ಮೂಲದವರನ್ನು) ಕೊಲ್ಲಿ ಅಂತ ಇಂಗ್ಲೆಂಡಿನ ರಾಜ ಎಥೆಲ್ರೆಡ್ ಆಜ್ಞೆ ಕೊಟ್ಟ. 2009ರಲ್ಲಿ ವೇಮತ್ ಹತ್ತಿರ ರಸ್ತೆ ಮಾಡುವಾಗ ರಿಡ್ಜ್‌ವೇ ಹಿಲ್‌ನಲ್ಲಿ ಸುಮಾರು 50 ಗಂಡಸರ ಮೂಳೆಗಳು ಸಿಕ್ಕವು, ಎಲ್ಲರ ತಲೆ ಕಡಿದಿದ್ದರು, ಹೆಚ್ಚಿನವರು ಹರೆಯದವರು. ಹಲ್ಲುಗಳನ್ನು ಪರೀಕ್ಷಿಸಿದಾಗ ಸ್ಕ್ಯಾಂಡಿನೇವಿಯಾದ ಕಡೆಯಲ್ಲಿ ಬೆಳೆದವರು ಅಂತ ಗೊತ್ತಾಯಿತು. ಇದನ್ನೆಲ್ಲ ಕೇಳಿದ ಮೇಲೆ “ಇಷ್ಟೊಂದು ಹಿಂಸೆ ಬೇಕಿತ್ತಾ” ಎಂದಿದ್ದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪುಸ್ತಕ ಉತ್ಪ್ರೇಕ್ಷೆ ಮಾಡಿರೋದು ವೀರರ ಬಲದಲ್ಲಿ. ಕ್ರೌರ್ಯದಲ್ಲಿ ಅಲ್ಲ ಅಂತ ನನ್ನ ನಂಬಿಕೆ.

ಆಮೇಲೆ ಮೇಷ್ಟ್ರೇ ಒಂದು ಮಾತು ತಂದರು, ನಮ್ಮೆಲ್ಲರಿಗೂ ಅದು ಹೊಸದು. ಹೊಟ್ಟೂರಿನಲ್ಲಿ 1007ರ ಒಂದು ಶಾಸನ ಇದೆ, ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಚೋಳರ ಒಂಬತ್ತು ಲಕ್ಷ ಸೈನ್ಯ ಬಂದು ನಾಡನ್ನು ಕೊಳ್ಳೆ ಹೊಡೆಯಿತು, ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದಿತು ಅಂತ ಅದರಲ್ಲಿ ಇದೆಯಂತೆ. ಅಂದರೆ ಥಾರ್ಫಿನ್‌ನ ಕಥೆ ನಡೆಯುವ ಅದೇ ವರ್ಷಗಳಲ್ಲಿ ನಮ್ಮ ಧಾರವಾಡದ ಸೀಮೆಯಲ್ಲೂ ಇದೇ ಗೋಳು. “ಆದ್ರೆ ಒಂದು ನೆನಪಿಡಿ,” ಅಂದರು, “ಅದನ್ನ ಕೆತ್ತಿಸಿದ್ದು ಚಾಲುಕ್ಯರ ಕಡೆಯೋರು. ಹೊಡೆತ ತಿಂದೋರ ಮಾತು ಅದು. ಒಂಬತ್ತು ಲಕ್ಷ ಅನ್ನೋದನ್ನ ಹಾಗೇ ತಗೋಬಾರದು.” ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ಲೂ ಹೊಡೆತ ತಿಂದವರದ್ದೇ, ಅಲ್ವಾ? ಹೊಡೆದವರ ಮಾತು ಬೇಕಿದ್ದರೆ ಸ್ವೀಡನ್ನಿನ ರೂನ್ ಕಲ್ಲುಗಳನ್ನು, ಅಂದರೆ ರೂನ್ ಎಂಬ ಹಳೇ ಲಿಪಿಯಲ್ಲಿ ಕೆತ್ತಿದ ಕಲ್ಲುಗಳನ್ನು, ನೋಡಬೇಕು. ಉಪ್‌ಲ್ಯಾಂಡಿನ ಯಿಟರ್‌ಗಾರ್ಡೆಯ ಕಲ್ಲು, ಉಲ್ಫ್ ಎಂಬವನು ಇಂಗ್ಲೆಂಡಿನಿಂದ ಮೂರು ಸಲ ಕಪ್ಪದ ಪಾಲು ತಂದ ಅಂತ ಹೆಮ್ಮೆಯಿಂದ ಹೇಳುತ್ತದೆ: ಮೊದಲು ಪಾಲು ಕೊಟ್ಟ ನಾಯಕ ಟೋಸ್ಟಿ, ಆಮೇಲೆ ಥಾರ್ಕೆಲ್, ಆಮೇಲೆ ಕ್ನೂಟ್. ಈ ಕ್ನೂಟ್ ಅಂದರೆ ಕನ್ಯೂಟನೇ. ಥಾರ್ಕೆಲ್ ಕೂಡ ನಮ್ಮ ಪುಸ್ತಕದ ಅದೇ ದೈತ್ಯ ಅಂತ ವಿದ್ವಾಂಸರು ಗುರುತಿಸುತ್ತಾರೆ. ಆ ಕಲ್ಲಿನ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಒಂದು ಆಕ್ಷೇಪ ನಮ್ಮೂರಿನಿಂದಲೇ ಹುಟ್ಟಿದ್ದು. ಇಲ್ಲಿನ ಕಾಪರ್‌ಗೇಟ್‌ನಲ್ಲಿ 1976ರಿಂದ 1981ರವರೆಗೆ ಅಗೆದಾಗ ವೈಕಿಂಗ್ ಕಾಲದ ಮನೆಗಳು, ಚರ್ಮದ ಚಪ್ಪಲಿ, ಕೊಂಬಿನ ಬಾಚಣಿಗೆ, ಮರದ ಬಟ್ಟಲುಗಳು ಸಿಕ್ಕಿದ್ದವು. ಈಗ ಅದೇ ಜಾಗದಲ್ಲಿ ಯಾರ್ವಿಕ್ ಮ್ಯೂಸಿಯಂ ಇದೆ. ಊರಿಂದ ಬಂದ ನೆಂಟರನ್ನು ನಾವೆಲ್ಲ ಕರೆದುಕೊಂಡು ಹೋಗಿ ಹೋಗಿ ಬಾಯಿಪಾಠ ಆಗಿರುವ ಜಾಗ. “ಬಾಚಣಿಗೆ ಮಾಡೋರು, ಬಟ್ಟಲು ಮಾಡೋರು ಎಲ್ಲಿ ಹೋದ್ರು ಈ ಪುಸ್ತಕದಲ್ಲಿ? ಎಲ್ರೂ ಬರೀ ಹೊಡೆದಾಡ್ತಾರೆ” ಅಂದರು ಒಬ್ಬರು. ಒಳ್ಳೇ ಪ್ರಶ್ನೆ. ಎಂಟನೇ ಸಂಪುಟಕ್ಕೆ ಮುಂಚೆ ನಿಲ್ಲಿಸಿದವರಿಗೆ ಇದು ಪೂರ್ತಿ ನ್ಯಾಯವಾದ ಆಕ್ಷೇಪ.

ಅದಕ್ಕೇ ನಾನು ಒಂದು ವಿಷಯದಲ್ಲಿ ಪಟ್ಟು ಹಿಡಿದೆ: ಹೊಲದ ಭಾಗ ಮುಗಿಯುವವರೆಗೂ ಯಾರೂ ಕೊನೇ ಅಭಿಪ್ರಾಯ ಹೇಳಬಾರದು. ಎಂಟನೇ ಸಂಪುಟದಲ್ಲಿ ಆಸ್ಕೆಲಾಡ್ ಸಾಯುತ್ತಾನೆ, ಥಾರ್ಫಿನ್‌ನ ಕೈಯಿಂದಲ್ಲ. ಹುಡುಗನಿಗೆ ಬದುಕಲು ಇದ್ದ ಒಂದೇ ಕಾರಣವೂ ಹೋಗಿಬಿಡುತ್ತದೆ. ಅವನನ್ನು ಗುಲಾಮನಾಗಿ ಮಾರುತ್ತಾರೆ, ಡೆನ್ಮಾರ್ಕಿನ ಕೆಟಿಲ್ ಎಂಬ ಜಮೀನುದಾರನ ಹೊಲಕ್ಕೆ ಬರುತ್ತಾನೆ. ಅಲ್ಲಿಂದ ಹದಿನಾಲ್ಕನೇ ಸಂಪುಟದವರೆಗೆ ಅದೇ ಹೊಲ.

ಇಲ್ಲಿ ಗುಂಪು ಎರಡಾಯಿತು. ಮೊದಲೇ ಇದರ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ನೋಡಿ ಹುಚ್ಚು ಹಿಡಿಸಿಕೊಂಡು ಬಂದಿದ್ದ ಎಂಜಿನಿಯರ್ ಹುಡುಗ “ಮೇಡಂ, ಎಳೆದಿದ್ದಾರೆ. ಆರು ಸಂಪುಟ ಬರೀ ಗೋಧಿ ಬೆಳೆಯೋದು” ಅಂದ. ಬಾಗಲಕೋಟೆ ಕಡೆಯ ರೈತರ ಮನೆಯ ಹೆಣ್ಣುಮಗಳೊಬ್ಬರು ಅವನ ಮಾತು ಮುಗಿಯುವುದಕ್ಕೂ ಬಿಡಲಿಲ್ಲ. ಅವರಿಗೆ ಇಡೀ ಪುಸ್ತಕದಲ್ಲಿ ತುಂಬಾ ಇಷ್ಟವಾದದ್ದು ಬೊಡ್ಡೆ ಕೀಳುವ ಪುಟಗಳು. ಥಾರ್ಫಿನ್ ಮತ್ತು ಐನಾರ್, ಇಬ್ಬರು ಗುಲಾಮರು, ಕಾಡು ಕಡಿದು ಹೊಲ ಮಾಡಿ, ಬೆಳೆ ಮಾರಿ ತಮ್ಮ ಬಿಡುಗಡೆಯನ್ನು ತಾವೇ ಕೊಳ್ಳಬೇಕು. ಮರ ಉರುಳಿದರೂ ಬೇರು ನೆಲ ಬಿಡಲ್ಲ. ಹಾರೆ ಹಾಕಿ, ಹೆಗಲು ಕೊಟ್ಟು ಮೀಟುತ್ತಾರೆ. ಆಮೇಲೆ ಒಬ್ಬ ಮುದುಕನ ಹತ್ತಿರ ಕುದುರೆ ಕೇಳಿ ತರುತ್ತಾರೆ, ಬದಲಿಗೆ ಅವನ ಹೊಲದಲ್ಲಿ ದುಡಿಯುತ್ತಾರೆ. “ನಮ್ಮಪ್ಪನೂ ಜಾಲಿ ಬೊಡ್ಡೆ ಕಿತ್ತು ಹೊಲ ಮಾಡಿದವನು. ಈ ಹುಡುಗನ ಕೈ ನೋಡ್ರಿ, ಇಷ್ಟು ದಿನ ಆ ಕೈಯಾಗ ಚೂರಿ ಇತ್ತು” ಅಂದರು. ಮೊದಲ ಮೊಳಕೆ ಬಂದ ಪುಟವನ್ನು ಎಲ್ಲರಿಗೂ ತೋರಿಸಿದರು.

ಅವತ್ತು ನೋಟ್‌ಬುಕ್ ತೆಗೆದೆ. ಶುರುವಿನಲ್ಲಿ ಅವರವರೇ ಹೇಳಿದ್ದನ್ನು ಓದಿ ಹೇಳಿ, ಈಗ ಏನನ್ನಿಸುತ್ತದೆ ಅಂತ ಕೇಳಿದೆ. “ಥಾರ್ಕೆಲ್ ಸೂಪರ್” ಅಂದಿದ್ದವರೇ ಈಗ ಅವನನ್ನು ನೋಡಿದರೆ ಭಯವಾಗುತ್ತದೆ ಅಂದರು, ಯಾಕೆಂದರೆ ಅವನ ನಗುವಿನ ಹಿಂದೆ ಎಷ್ಟು ಹೆಣ ಇವೆ ಅಂತ ಈಗ ಗೊತ್ತು. ಥಾರ್ಫಿನ್ ಕನಸಿನಲ್ಲಿ ತಾನು ಕೊಂದವರ ನಡುವೆ ಬೀಳುವ ಅಧ್ಯಾಯ ಇದೆ, ಅದರ ಬಗ್ಗೆಯೇ ಹೆಚ್ಚು ಮಾತಾಯಿತು. ಸತ್ತವರು ಅಲ್ಲಿ ಸುಮ್ಮನೆ ಲೆಕ್ಕದ ಹೆಣಗಳಲ್ಲ, ಮುಖ ಇದೆ, ಅವನನ್ನು ಹಿಡಿದುಕೊಳ್ಳುತ್ತಾರೆ. ಇಷ್ಟೊಂದು ರಕ್ತ ಯಾಕೆ ಬೇಕಿತ್ತು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು. ಮೊದಲ ಎಂಟು ಸಂಪುಟದಲ್ಲಿ ನಾವು ಬೇಗ ಬೇಗ ಮಗುಚಿದ ಪುಟಗಳ ಜನರೇ ಅಲ್ಲಿ ವಾಪಸ್ ಬರುತ್ತಾರೆ. ಹಿಂಸೆಯನ್ನು ಕಡಿಮೆ ಮಾಡಿ ಬರೆದಿದ್ದರೆ, ಕೊನೆಗೆ ಕನ್ಯೂಟನನ್ನು ಭೇಟಿ ಮಾಡಲು ಅವನು ಕೈ ಎತ್ತದೆ ನೂರು ಹೊಡೆತ ತಿನ್ನುವ ದೃಶ್ಯಕ್ಕೆ ತೂಕವೇ ಇರುತ್ತಿರಲಿಲ್ಲ. ಎಂಜಿನಿಯರ್ ಹುಡುಗನೂ ಆ ದೃಶ್ಯ ಒಪ್ಪಿಕೊಂಡ. ಗೋಧಿಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಅದನ್ನೂ ಹಾಗೇ ಬರೆದುಕೊಂಡೆ, ಎಲ್ಲರನ್ನೂ ನನ್ನ ಅಭಿಪ್ರಾಯಕ್ಕೆ ತರೋದು ಚರ್ಚೆ ನಡೆಸುವವರ ಕೆಲಸ ಅಲ್ಲ.

ನನ್ನನ್ನೇ ಕಟ್ಟಿಹಾಕಿದ ಅಭಿಪ್ರಾಯ ಆ ನರ್ಸ್ ಅವರದ್ದು. ಅರ್ನ್‌ಹೀಡ್ ಎಂಬ ಗುಲಾಮ ಹೆಂಗಸು ಇದ್ದಾಳೆ. ಗಂಡ, ಮಗು, ಊರು ಎಲ್ಲ ಕಳಕೊಂಡವಳು, ಈಗ ಯಜಮಾನನಿಂದ ಬಸುರಿ. ಓಡಿಹೋಗಲು ನೋಡಿದಳು ಅಂತ ಕೆಟಿಲ್ ಅವಳನ್ನು ಹೊಡೆಯುತ್ತಾನೆ, ಅದರಿಂದಲೇ ಅವಳು ಸಾಯುತ್ತಾಳೆ. “ಥಾರ್ಫಿನ್‌ಗೆ ಬುದ್ಧಿ ಬರ್ಲಿಕ್ಕೆ, ಐನಾರ್‌ಗೆ ದಾರಿ ಕಾಣಿಸ್ಲಿಕ್ಕೆ ಅವಳೇ ಸಾಯ್ಬೇಕಿತ್ತಾ? ಗಂಡಸ್ರು ಕೊಂದು ಕೊಂದು ಬದುಕಿ ಉಳೀತಾರೆ, ಬದಲಾಗ್ತಾರೆ. ಅವಳಿಗೆ ಆ ಅವಕಾಶ ಯಾಕಿಲ್ಲ?” ಅಂತ ಕೇಳಿದರು. ಗುಲಾಮಗಿರಿ ಅಂದರೆ ಏನು ಅಂತ ಅವಳ ಕಥೆಯಷ್ಟು ಗಟ್ಟಿಯಾಗಿ ಪುಸ್ತಕದಲ್ಲಿ ಬೇರೆಲ್ಲೂ ಬಂದಿಲ್ಲ ಅಂತ ನಾನು ಹೇಳಿದೆ. ಅದು ನಿಜ, ಆದರೆ ಅವರ ಪ್ರಶ್ನೆಗೆ ಅದು ಉತ್ತರ ಅಲ್ಲ. ಅವರು ಹೇಳಿದ್ದರಲ್ಲಿ ಸತ್ಯ ಇದೆ ಅಂತಲೇ ಈಗಲೂ ಅಂದುಕೊಳ್ಳುತ್ತೇನೆ.

ಈಗ ನಾವು ಕೊನೆಯ ಭಾಗಕ್ಕೆ ಬಂದಿದ್ದೇವೆ, ಯುದ್ಧ ಮತ್ತು ಗುಲಾಮರಿಲ್ಲದ ಊರು ಕಟ್ಟಲು ಥಾರ್ಫಿನ್ ಸಮುದ್ರ ದಾಟಿ ವಿನ್‌ಲ್ಯಾಂಡಿಗೆ, ಅಂದರೆ ಉತ್ತರ ಅಮೆರಿಕದ ಕರಾವಳಿಗೆ, ಹೋಗುವ ಭಾಗ. ಇದಕ್ಕೆ ಐಸ್‌ಲ್ಯಾಂಡಿನ ಹಳೇ ಸಾಗಾಗಳ (ಗದ್ಯದಲ್ಲಿ ಬರೆದ ಹಳೇ ಕಥನಗಳ) ಆಧಾರ ಇದೆ. ಕೆನಡಾದ ಲಾನ್ಸ್ ಓ ಮೆಡೋಸ್‌ನಲ್ಲಿ ನಾರ್ಸ್ ಜನ, ಅಂದರೆ ವೈಕಿಂಗ್ ಕಾಲದ ಸ್ಕ್ಯಾಂಡಿನೇವಿಯಾ ಮೂಲದವರು, 1021ರಲ್ಲಿ ಮರ ಕಡಿದಿದ್ದರು ಅಂತ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಲ್ಲಿ ಮೊದಲೇ ಜನ ಇದ್ದರು, ಸಾಗಾಗಳ ಪ್ರಕಾರ ಅವರ ಜೊತೆ ಜಗಳವಾಗಿಯೇ ನಾರ್ಸ್ ಜನ ವಾಪಸ್ ಹೊರಟದ್ದು. ಒಳ್ಳೇ ಮನಸ್ಸಿನಿಂದ ಹೋದವನೂ ಬೇರೆಯವರ ನೆಲಕ್ಕೇ ಹೋದವನು ತಾನೇ? ಇದನ್ನು ಯಾವ ಕಣ್ಣಲ್ಲಿ ಓದಬೇಕು ಅಂತ ಪ್ರಶ್ನೆ ಬಂದಾಗ ನರ್ಸ್ ಕೈ ಎತ್ತಿದರು. ಆ ನೆಲದ ಹೆಂಗಸರು ಕಾಣಿಸುವ ಪುಟಗಳನ್ನೆಲ್ಲ ಗುರುತು ಹಾಕಿಕೊಂಡು ಬರುತ್ತಾರಂತೆ. ಮುಂದಿನ ಚರ್ಚೆ ನಡೆಸೋದು ಅವರೇ, ನೋಟ್‌ಬುಕ್ ಕೊಟ್ಟಾಗಿದೆ.