ಪುಟ್ಟ ಮನೆಯಲ್ಲಿ ಪಾಪುವಿನ ಕೋಣೆ: ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ಎಡಿಸನ್, ಐಸೆಲಿನ್ ಕಡೆ ಬಾಡಿಗೆ ಮನೆ ಹಿಡಿದಿದ್ದೀರಿ, ಊರಿಂದ ತಂದ ಸಾಮಾನು ಇನ್ನೂ ಪೂರ್ತಿ ಬಿಚ್ಚಿಲ್ಲ, ಅಷ್ಟರಲ್ಲಿ ಪಾಪು ಬರುವ ದಿನ ಹತ್ತಿರ. ಇಂಥ ಮನೆಗಳಿಂದ ನಮ್ಮ ಕೂಟಕ್ಕೆ ಫೋನ್ ಬರುತ್ತಲೇ ಇರುತ್ತದೆ. ಇರುವ ಚಿಕ್ಕ ಕೋಣೆಯನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಸಜ್ಜು ಮಾಡುವುದು ಅಂತ ಕೇಳುತ್ತಾರೆ. ನಾವು ಹೇಳುವುದು ಇಷ್ಟೇ: ಮಗು ಮಲಗುವ ಜಾಗಕ್ಕೆ ದುಡ್ಡು ಹಾಕಿ. ಚೆಂದವೆಲ್ಲ ಗೋಡೆಗಿರಲಿ. ಅದಕ್ಕೆ ಬೇಕಾದದ್ದು ನಿಮ್ಮ ಸೂಟ್‌ಕೇಸಿನಲ್ಲೇ ಇರುತ್ತದೆ.

ಮೊದಲು, ಆ ಕೋಣೆಯಲ್ಲಿ ಮಲಗುವವರು ಯಾರು ಅಂತ ಯೋಚಿಸಿ. ಇಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಕನಿಷ್ಠ ಮೊದಲ 6 ತಿಂಗಳು ಮಗು ಅಪ್ಪ ಅಮ್ಮನ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ ಅನ್ನುತ್ತದೆ. ಹಾಗಾದರೆ ಆ ಇನ್ನೊಂದು ಕೋಣೆ ಬಾಣಂತನಕ್ಕೆ ಬರುವ ಅಮ್ಮನದ್ದೋ ಅತ್ತೆಯದ್ದೋ, ಅಲ್ವಾ? ಅದನ್ನು ಅಜ್ಜಿಗೆ ಅಂತಲೇ ಅಣಿ ಮಾಡಿ. ಒಂದು ಸಿಂಗಲ್ ಮಂಚ. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂರಲು ಕೈ ಇರುವ ಕುರ್ಚಿ. ಕಣ್ಣಿಗೆ ಚುಚ್ಚದ ಒಂದು ದೀಪ. ಸೀರೆ, ಶಾಲು ನೇತುಹಾಕಲು ಎರಡು ಕೊಕ್ಕೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ 6 ತಿಂಗಳು ಇರಲು ಅವಕಾಶ ಸಿಗುತ್ತದೆ. ಅವರು ಊರಿಗೆ ಹೊರಟ ಮೇಲೆ ಕ್ರಿಬ್, ಅಂದರೆ ಸುತ್ತ ಕಟಕಟೆ ಇರುವ ಮಗುವಿನ ಮಂಚ, ಆ ಕೋಣೆಗೆ ಹೋಗಬಹುದು. ಹೀಗೆ ನೋಡಿದರೆ ಎಲ್ಲವನ್ನೂ ಒಂದೇ ಸಲ ಕೊಳ್ಳುವ ಅವಸರವೇ ಇಲ್ಲ.

ಕ್ರಿಬ್ ಮತ್ತು ಅದರ ಹಾಸಿಗೆ ಹೊಸದಾಗಿದ್ದರೆ ಒಳ್ಳೆಯದು. ಸಾದಾ ಮರದ ಕ್ರಿಬ್ 100ರಿಂದ 150 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ದುಬಾರಿಯದ್ದಕ್ಕೂ ಇದಕ್ಕೂ ಪಾಲಿಸಬೇಕಾದ ಸುರಕ್ಷತಾ ನಿಯಮ ಒಂದೇ. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯ 13ಎ ಎಕ್ಸಿಟ್ ಹತ್ತಿರ ಎಲಿಜಬೆತ್ ಊರಿನ ಐಕಿಯಾ ಪೀಠೋಪಕರಣ ಅಂಗಡಿ ಇದೆ. ಅಲ್ಲಿ ಮಾರಾಟ ತೆರಿಗೆ ರಾಜ್ಯದ ಉಳಿದ ಕಡೆಗಿಂತ ಅರ್ಧ. ಪರಾಮಸ್ ಊರಿನ ಐಕಿಯಾ ಅಂಗಡಿಗೆ ಭಾನುವಾರ ಹೋಗಬೇಡಿ, ಬರ್ಗನ್ ಕೌಂಟಿಯ ಕಾನೂನಿನ ಪ್ರಕಾರ ಅವತ್ತು ಮುಚ್ಚಿರುತ್ತದೆ.

ಪರಿಚಯದವರು ಹಳೆಯ ಕ್ರಿಬ್ ಕೊಡುತ್ತೇವೆ ಅಂದರೆ ಬೇಡ ಅನ್ನಬೇಕಿಲ್ಲ, ಪರೀಕ್ಷೆ ಮಾಡಿ ತೆಗೆದುಕೊಳ್ಳಿ. ತಯಾರಾದ ತಾರೀಖು ಚೀಟಿಯಲ್ಲಿರುತ್ತದೆ. 2011ರ ಜೂನ್‌ಗಿಂತ ಹಿಂದಿನದ್ದು ಬೇಡವೇ ಬೇಡ. ಪಕ್ಕದ ಕಟಕಟೆ ಮೇಲೆ ಕೆಳಗೆ ಜಾರುವ ಕ್ರಿಬ್‌ಗಳ ಮಾರಾಟ ನಿಂತದ್ದು ಆಗಲೇ. ಕಂಬಿಗಳ ನಡುವಿನ ಸಂದು 2⅜ ಇಂಚು, ಅಂದರೆ ಸುಮಾರು 6 ಸೆಂಟಿಮೀಟರ್ ಮೀರಬಾರದು. ಸೋಡಾ ಕ್ಯಾನ್ ಆ ಸಂದಿನಲ್ಲಿ ತೂರಿದರೆ ಕ್ರಿಬ್ ವಾಪಸ್ ಕೊಟ್ಟುಬಿಡಿ. ಹಾಸಿಗೆಯ ಅಂಚಿಗೂ ಕಟಕಟೆಗೂ ನಡುವೆ ಎರಡು ಬೆರಳು ಹಿಡಿಸಿದರೂ ಅದು ಸಡಿಲ ಅಂತಲೇ ಅರ್ಥ. ಬಟ್ಟೆ ಇಡುವ ಡ್ರೆಸ್ಸರ್, ಕುರ್ಚಿ, ಬಟ್ಟೆಬರೆ ಎಲ್ಲ ಸೆಕೆಂಡ್ ಹ್ಯಾಂಡ್ ಸಾಕು. ಡೈಪರ್ ಬದಲಿಸಲು ಬೇರೆ ಮೇಜು ಸುಮ್ನೆ ದಂಡ, ಡ್ರೆಸ್ಸರ್ ಮೇಲೆ ಒಂದು ಪ್ಯಾಡ್ ಹಾಕಿದರೆ ಆಯ್ತು. ಆದರೆ ಡ್ರೆಸ್ಸರನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿಯಲೇಬೇಕು. ಮಕ್ಕಳು ಡ್ರಾಯರ್ ಹಿಡಿದು ಹತ್ತುತ್ತಾರೆ.

ಕ್ರಿಬ್ ಒಳಗೆ ಬಿಗಿಯಾದ ಶೀಟ್ ಬಿಟ್ಟು ಬೇರೇನೂ ಬೇಡ. ಸುತ್ತ ಕಟ್ಟುವ ಮೆತ್ತೆಯ ಬಂಪರ್‌ಗಳನ್ನು 2022ರ ಕಾನೂನೇ ನಿಷೇಧಿಸಿದೆ. ಸಾಸಿವೆ ದಿಂಬು, ದುಪ್ಪಟಿ, ಬೊಂಬೆ ಯಾವುದೂ ಒಳಗಿರಬಾರದು. ಮಲಗುವಾಗ ತಲೆಗೆ ಕುಲಾವಿಯೂ ಬೇಡ, ಬಿಸಿ ಜಾಸ್ತಿಯಾಗುತ್ತದೆ. ಹೊದಿಕೆಯ ಬದಲು ಚಳಿಗೆ ತೊಡಿಸುವ, ಚೀಲದಂಥ ಸ್ಲೀಪ್ ಸ್ಯಾಕ್ ಇದೆ. ಮಕ್ಕಳನ್ನು ಸಾಸಿವೆ ದಿಂಬಿನ ಮೇಲೆ ಮಲಗಿಸಿಯೇ ಬೆಳೆಸಿದ ಅಮ್ಮನಿಗೆ ಇದನ್ನು ಹೇಳುವುದು ಕಷ್ಟ. ಅವರು ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಸಮಾಧಾನವಾಗಿ ಹೇಳಿಬಿಡಿ, ದಿಂಬು ಹೊಲಿಯುವ ಶ್ರಮವಾದರೂ ಉಳಿಯುತ್ತದೆ.

ಅಜ್ಜಿ ಹೊಲಿದು ತಂದ ಆ ಕುಲಾವಿಗೆ ಗೋಡೆಯಲ್ಲಿ ಜಾಗ ಕೊಡಿ. ಕಸೂತಿ ಹಾಕುವ ಮರದ ಬಳೆಗೆ ಬಿಳಿ ಬಟ್ಟೆ ಬಿಗಿದು, ಕುಲಾವಿಯ ಕಟ್ಟುದಾರ ಎರಡೂ ಕಡೆ ಇಳಿಬೀಳುವಂತೆ ನಾಲ್ಕು ಹೊಲಿಗೆ ಹಾಕಿ. ಅದರ ಪಕ್ಕದ ಬಳೆಗೆ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. ಅಂಗಡಿಯ ಯಾವ ಚಿತ್ರವೂ ಇದರ ಮುಂದೆ ನಿಲ್ಲುವುದಿಲ್ಲ. ಹಾಳೆಗೊಂದು ದೊಡ್ಡ ಅಕ್ಷರ ಬರೆದು ಅ ಆ ಇ ಈ ಸಾಲು ಮಾಡಿ, ಅಣ್ಣ ಅಕ್ಕ ಇದ್ದರೆ ಬಣ್ಣ ಅವರೇ ಹಚ್ಚಲಿ. ಕಿತ್ತರೆ ಗುರುತು ಉಳಿಯದ ಅಂಟುಕೊಕ್ಕೆಗಳನ್ನೇ ಬಳಸಿ, ಒಂದೂವರೆ ತಿಂಗಳ ಬಾಡಿಗೆಯಷ್ಟು ಮುಂಗಡ ಮನೆ ಮಾಲೀಕರ ಹತ್ತಿರ ಇರಬಹುದು, ಗೋಡೆ ಹಾಳಾದರೆ ಅದರಲ್ಲೇ ಕಳೆದಾರು. ಏನೇ ತೂಗುಹಾಕಿದರೂ ಕ್ರಿಬ್‌ನ ಮೇಲಿನ ಗೋಡೆಗೆ ಮಾತ್ರ ಬೇಡ.

ಕೌದಿ ಇದ್ದರೆ ನೆಲಕ್ಕೆ ಹಾಸಿ. ಮಗು ಎಚ್ಚರವಿದ್ದಾಗ ಬೋರಲು ಮಲಗಿಸಿ ಆಡಿಸಲು ಅದಕ್ಕಿಂತ ಒಳ್ಳೆಯ ಹಾಸು ಇಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಹೂವಿರುತ್ತದೆ. ಮಗುವಿನ ಬೆರಳು ಮೊದಲು ಹೋಗುವುದು ಅಲ್ಲಿಗೇ. ಚನ್ನಪಟ್ಟಣದ ಬೊಂಬೆಗಳು ಸದ್ಯಕ್ಕೆ ಎತ್ತರದ ಹಲಗೆ ಮೇಲಿರಲಿ. ಟಾಯ್ಲೆಟ್ ಪೇಪರ್ ಸುತ್ತಿದ ರಟ್ಟಿನ ಕೊಳವೆಯೊಳಗೆ ತೂರುವಂಥದ್ದನ್ನು 3 ವರ್ಷದವರೆಗೆ ಕೈಗೆ ಕೊಡಬೇಡಿ.

ಇನ್ನು ಕಿಟಕಿ. ಕ್ರಿಬ್ ಕಿಟಕಿಗೂ ಗೋಡೆಯ ಬುಡದಲ್ಲಿರುವ ಬೇಸ್‌ಬೋರ್ಡ್ ಹೀಟರ್‌ಗೂ ದೂರವಿರಲಿ, ಬ್ಲೈಂಡ್ಸ್ ದಾರ ಮೇಲಕ್ಕೆ ಕಟ್ಟಿ. ಮನೆ 1978ಕ್ಕಿಂತ ಹಿಂದೆ ಕಟ್ಟಿದ್ದಾಗಿದ್ದರೆ ಚೌಕಟ್ಟಿನ ಬಣ್ಣ ಸಿಪ್ಪೆ ಏಳುತ್ತಿದೆಯಾ ನೋಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ನೀವೇ ಕೆರೆಯಲು ಹೋಗದೆ ಮಾಲೀಕರಿಗೆ ತಿಳಿಸಿ. ಮನೆಯಲ್ಲಿ 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಇದ್ದು, ನೀವು ಬರವಣಿಗೆಯಲ್ಲಿ ಕೇಳಿದರೆ, ನೆಲಮಹಡಿಗಿಂತ ಮೇಲಿನ ಅಪಾರ್ಟ್‌ಮೆಂಟ್‌ಗಳ ಕಿಟಕಿಗೆ ವಿಂಡೋ ಗಾರ್ಡ್, ಅಂದರೆ ಮಗು ಹೊರಗೆ ಬೀಳದಂತೆ ತಡೆಯುವ ಕಂಬಿ, ಹಾಕಿಸಿಕೊಡುವುದು ನ್ಯೂಜೆರ್ಸಿಯಲ್ಲಿ ಮಾಲೀಕರ ಹೊಣೆ. ಬೆಂಕಿ ಬಿದ್ದಾಗ ಇಳಿದು ಹೋಗುವ ಕಿಟಕಿಗೆ ಮಾತ್ರ ಹಾಕುವಂತಿಲ್ಲ. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ನಾಲ್ಕು ಸಾಲಿನ ಪತ್ರ ಬರೆದು, ತಾರೀಖು ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬರೆಯಲು ತೊಡಕಾದರೆ ಕೂಟದ ಸ್ವಯಂಸೇವಕರನ್ನು ಕೇಳಿ, ಬರೆದುಕೊಡುತ್ತೇವೆ.